ವಿಷಯ: ಹಿನ್ನೀರು ತೀರಾ ಇಳಿದಿರುವ ಬಗ್ಗೆ

ಹೊಸ ಹೊಳೆಬಸಾಪುರ ಪುನರ್ವಸತಿ ಕೇಂದ್ರದ ಸಮಸ್ತ ಹಿರಿಯರಿಗೆ, ಹಿರಿಯರ ಮಾತು ಕೇಳದ ಕಿರಿಯರಿಗೆ, ಹಾಗೂ ಚಹಾದಂಗಡಿಯ ಬೆಂಚಿನ ಮೇಲೆ ಖಾಯಂ ಆಗಿ ಪುನರ್ವಸತಿಗೊಂಡವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಜನವರಿ ಆರನೇ ತಾರೀಖು ಮುಂಜಾನೆ ಎಂಟರ ಸುಮಾರಿಗೆ, ಘಟಪ್ರಭೆಯ ಹಿನ್ನೀರಿನಲ್ಲಿ ಒಂದು ಕೊಕ್ಕರೆ ಕೂತಿತು.

ಕೊಕ್ಕರೆ ಕೂಡುವುದು ಸುದ್ದಿಯಲ್ಲ. ನೀರಿನ ನಡುವೆ ಕೂಡಲು ಅದಕ್ಕೇನು ಸಿಕ್ಕಿತು ಎಂಬುದು ಸುದ್ದಿ. ಎಮ್ಮೆ ಹೊಡೆದುಕೊಂಡು ಹೋಗಿದ್ದ ಈರಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಚೌಕನೆಯ ಕಲ್ಲು. ಅದರ ನಡುವೆ ತುಕ್ಕು ತಿಂದ ಮೊಳದುದ್ದದ ಕೊಳವೆ. ಎಮ್ಮೆಗಳನ್ನು ಅವುಗಳ ವಿವೇಕಕ್ಕೆ ಬಿಟ್ಟು ಅವನು ಮನೆಗೆ ಬಂದ.

"ಕೇಳಿಲ್ಲಿ. ಸಾಲಿ ಝೇಂಡಾಕಟ್ಟಿ ಎದ್ದೈತಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಂಗವ್ವನ ಕೈ ನಿಂತಿತು. "ಈಗ? ಜನವರ್ಯಾಗ?"

"ಮಳಿ ಕಡಿಮಿ ಆತಲ್ಲ ಈ ವರ್ಸ. ಇನ್ನೊಂದ ಹದಿನೈದ ದಿನಕ್ಕ ಮೆಟ್ಟಲಾನೂ ಕಾಣ್ತಾವ. ನಡಕೊಂತ ಹೋಗಬಹುದು."

ಸಂಗವ್ವ ಎದ್ದು ಬಾಗಿಲಿಗೆ ಹೋಗಿ ಹೊಳೆಯ ಕಡೆ ನೋಡಿದಳು. ಹೆಂಚಿನ ಮೇಲಿದ್ದ ರೊಟ್ಟಿ ಮಾತ್ರ ತನ್ನ ಪಾಡಿಗೆ ತಾನು ಸೀದು ವಾಸನೆಯಲ್ಲಿ ಮಾತಾಡಿತು.

ಹಳೆಯ ಹೊಳೆಬಸಾಪುರ ಮುಳುಗಿ ಇಪ್ಪತ್ತಮೂರು ವರ್ಷ. ಊರು ಹೋಯಿತು, ಹೆಸರು ಮಾತ್ರ ಈಜಿಕೊಂಡು ದಡ ಸೇರಿ, ಮುಂದೆ 'ಹೊಸ' ಅಂತ ಅಂಟಿಸಿಕೊಂಡು ಮೂರು ಮೈಲು ಮೇಲೆ ನಿಂತಿತು. ಪ್ರತಿ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಹಳೆ ಸಾಲಿಯ ಧ್ವಜದ ಕಟ್ಟೆ ಹದಿನೈದು ದಿನ ತಲೆ ಎತ್ತುತ್ತದೆ. ಆದರೆ ನಮ್ಮ ದೇಶ ಸ್ವತಂತ್ರವಾದದ್ದು ಆಗಸ್ಟಿನಲ್ಲಿ, ಗಣರಾಜ್ಯವಾದದ್ದು ಜನವರಿಯಲ್ಲಿ. ಬಾಗಲಕೋಟೆಯ ಮೇ ತಿಂಗಳ ಬಿಸಿಲಲ್ಲಿ ಏನಾದರೂ ಆಗಲು ಯಾವ ದೇಶಕ್ಕೂ ಮನಸ್ಸು ಬರುವುದಿಲ್ಲ. ಹಾಗಾಗಿ ಧ್ವಜ ಏರುವ ದಿನ ಕಟ್ಟೆ ನೀರೊಳಗೆ, ಕಟ್ಟೆ ಏಳುವ ದಿನ ಧ್ವಜ ಪೆಟ್ಟಿಗೆಯೊಳಗೆ. ಇಪ್ಪತ್ತಮೂರು ವರ್ಷ ಇದೇ ಸಂಸಾರ ನಡೆದಿತ್ತು.

ಆ ಕಟ್ಟೆಯ ಮೇಲೆ ಸಂಗವ್ವನ ಮಗಳು ಶೀಲಾ ಒಮ್ಮೆ ನಿಂತಿದ್ದಳು.

ಆಗ ಅವಳಿಗೆ ಒಂಬತ್ತು ವರ್ಷ, ನಾಲ್ಕನೇ ಇಯತ್ತೆ. ಜನವರಿ ಇಪ್ಪತ್ತಾರರ ಭಾಷಣಕ್ಕೆ ತಿಮ್ಮಣ್ಣ ಮಾಸ್ತರು ಅವಳನ್ನು ಆರಿಸಿ, ತಾವೇ ಹನ್ನೊಂದು ಸಾಲು ಬರೆದುಕೊಟ್ಟಿದ್ದರು. ಹುಡುಗಿ ಹದಿನೈದು ದಿನ ಒಲೆಯ ಪಕ್ಕ ಕೂತು ಅವ್ವನಿಗೆ ಒಪ್ಪಿಸಿದಳು. ಸಂಗವ್ವ ಸಾಲಿಯ ಹೊಸ್ತಿಲು ತುಳಿದವಳಲ್ಲ. ಆದರೆ ರೊಟ್ಟಿ ಬಡಿಯುವ ಸಪ್ಪಳದ ಜೊತೆ ಹನ್ನೊಂದೂ ಸಾಲು ಅವಳ ಬಾಯಿಗೆ ಹತ್ತಿಬಿಟ್ಟವು. ಮಗಳು ಎಡವಿದಲ್ಲಿ ಅವ್ವ ಎತ್ತಿಕೊಡುತ್ತಿದ್ದಳು. "ಅವ್ವಾ, ನೀನ ಮಾಡ ಭಾಷಣಾ" ಎಂದು ಶೀಲಾ ನಗುತ್ತಿದ್ದಳು.

ಆ ದಿನ ಎರಡು ಜಡೆ, ಹಸಿರು ಟೇಪು, ಇಸ್ತ್ರಿ ಮಾಡಿದ ಅಂಗಿ. ಕಟ್ಟೆ ಹತ್ತಿ ಗಟ್ಟಿಯಾಗಿ ಶುರು ಮಾಡಿದಳು: "ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ, ಊರ ಹಿರಿಯರೇ ಮತ್ತು ನನ್ನ ಪ್ರೀತಿಯ ಗೆಳೆಯ ಗೆಳತಿಯರೇ. ಇಂದು ನಮ್ಮ ದೇಶದ ಸಂವಿಧಾನ ಜಾರಿಗೆ ಬಂದ ದಿನ. ಈ ಸಂವಿಧಾನವು ನಮಗೆ..."

ನಿಂತಳು.

"ನಮಗೆ..."

ಪಂಚಾಯ್ತಿ ಚೇರಮನ್ನರು ಗಡಿಯಾರ ನೋಡಿಕೊಂಡರು. ದೇಶಕ್ಕೆ ವಯಸ್ಸಾದ ಲೆಕ್ಕದಲ್ಲಿ ಅರ್ಧ ನಿಮಿಷ ಏನೂ ಅಲ್ಲ, ಚೇರಮನ್ನರ ಉಪ್ಪಿಟ್ಟು ಆರುವ ಲೆಕ್ಕದಲ್ಲಿ ಭಾಳ. ಹೆಂಗಸರು ಹಿಂದೆ ಗೋಡೆಯ ಬಳಿ ಸೆರಗು ಹೊದ್ದು ನಿಂತಿದ್ದರು. ಮುಂದಿನ ಸಾಲು ಸಂಗವ್ವನ ನಾಲಿಗೆಯ ತುದಿಗೆ ಬಂದಿತ್ತು. 'ಮಾತಾಡುವ ಹಕ್ಕು, ಓದುವ ಹಕ್ಕು, ಬಾಳುವ ಹಕ್ಕು ಕೊಟ್ಟಿದೆ.' ಇಷ್ಟೇ. ಒಂದು ಶಬ್ದ ಕೂಗಿದ್ದರೆ ಸಾಕು, ಉಳಿದದ್ದನ್ನು ಹುಡುಗಿ ತಾನೇ ಎಳೆದುಕೊಳ್ಳುತ್ತಿದ್ದಳು. ಆದರೆ ಸಭೆಯ ಮುಂಭಾಗದಲ್ಲಿ ಮಾವ ಕೂತಿದ್ದ, ಇಬ್ಬರು ಭಾವಂದಿರು ಕೂತಿದ್ದರು. ಸೊಸೆಯ ದನಿ ಊರ ಮುಂದೆ ಏಳುವುದುಂಟೇ? ಸಂಗವ್ವ ಸೆರಗನ್ನು ಇನ್ನೂ ನಾಕು ಬೆರಳು ಮುಂದಕ್ಕೆ ಎಳೆದುಕೊಂಡಳು.

"ಇರ್ಲಿ ಬಿಡವಾ," ಎಂದರು ತಿಮ್ಮಣ್ಣ ಮಾಸ್ತರು. "ಮುಂದಿನ ವರ್ಸ ಪೂರ್ತಿ ಹೇಳುವಂತಿ. ಎಲ್ಲಾರೂ ಚಪ್ಪಾಳಿ ಹೊಡೀರಿ."

ಮನೆಗೆ ಬಂದು ಶೀಲಾ ಅಳಲಿಲ್ಲ. ಕೊಟ್ಟ ಪೆಪ್ಪರಮೆಂಟನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕೇಳಿದಳು: "ಅವ್ವಾ, ನಿನಗ ಬರ್ತಿತ್ತಲ್ಲ. ಯಾಕ ಹೇಳಲಿಲ್ಲ?"

"ಮುಂದಿನ ವರ್ಸ ಹೇಳ್ತೇನಿ, ನನ ಬಂಗಾರ."

ಏಪ್ರಿಲಿನಲ್ಲಿ ಹುಡುಗಿಗೆ ಕಾಮಾಲೆ ಬಂತು. ಕಲಾದಗಿಯಲ್ಲಿ ತೋರಿಸಿ, ಬಾಗಲಕೋಟೆಯ ದವಾಖಾನಿಗೆ ಹಾಕಿದ ಮೂರನೇ ದಿನ ಹೋದಳು. ಹೊಳೆಯ ದಂಡೆಯ ತಮ್ಮ ಹೊಲದಲ್ಲೇ ಮಣ್ಣು ಕೊಟ್ಟರು. ಆ ವರ್ಷದ ಮಳೆಗಾಲದಲ್ಲಿ ಹಿನ್ನೀರು ಬಂತು. ಮನೆ, ಸಾಲಿ, ಹೊಲ, ಹೊಲದಲ್ಲಿ ಮಲಗಿದವಳು, ಯಾರನ್ನೂ ಬೇರೆ ಮಾಡದೆ ಎಲ್ಲವನ್ನೂ ಸಮಾನವಾಗಿ ತೆಗೆದುಕೊಂಡಿತು.

ಮೇ ತಿಂಗಳಲ್ಲಿ ನೀರು ಸರಿದಾಗ ಗಂಡ ಹೆಂಡತಿ ಮಗಳ ಸಮಾಧಿ ಹುಡುಕಲು ಹೋಗುತ್ತಿದ್ದರು. ಹೂಳು ತುಂಬಿ ಬದು, ಗಡಿಗಲ್ಲು ಏನೂ ಉಳಿದಿರಲಿಲ್ಲ. ಈರಪ್ಪ ಒಂದು ವರ್ಷ ಒಂದು ಕಡೆ ಬೆರಳು ತೋರಿಸಿದರೆ ಮರುವರ್ಷ ನೂರು ಹೆಜ್ಜೆ ಆಚೆ ತೋರಿಸುತ್ತಿದ್ದ. ಸಂಗವ್ವ ವಾದಕ್ಕೆ ಇಳಿಯದೆ ಎರಡೂ ಕಡೆ ಊದಿನಕಡ್ಡಿ ಹಚ್ಚುತ್ತಿದ್ದಳು. ಕೊನೆಗೆ, ಇಲ್ಲಿ ನನ್ನ ಮಗಳು ಇದ್ದಳು ಎಂದು ಕೈಯಿಟ್ಟು ಹೇಳಲು ಉಳಿದದ್ದು ಆ ಕಟ್ಟೆ ಒಂದೇ.

"ಮತ್ತ ಮೇ ತಿಂಗಳದಾಗನ ಹತ್ತಿ ಹೇಳಿಬಿಡಬೇಕಿಲ್ಲ ಬೇ?" ಎಂದು ಮಗ ಯುವರಾಜ ಕೇಳಿದ್ದುಂಟು. ಅಕ್ಕ ಹೋದ ಎರಡು ವರ್ಷಕ್ಕೆ ಹುಟ್ಟಿದವನು, ಕುಳಗೇರಿ ಕ್ರಾಸಿನಲ್ಲಿ ಟಂಟಂ ಆಟೋ ಹೊಡೆಯುತ್ತಾನೆ.

"ಮೇ ತಿಂಗಳದಾಗ ಕಟ್ಟಿ ಹತ್ತಿ ಮಾತಾಡಿದ್ರ ಹುಚ್ಚಿ ಅಂತಾರ. ಜನವರಿ ಇಪ್ಪತ್ತಾರಕ್ಕ ಮಾತಾಡಿದ್ರ ಭಾಷಣಾ ಅಂತಾರ," ಎಂದಿದ್ದಳು ಸಂಗವ್ವ.

ಈಗ ಕಟ್ಟೆ ಜನವರಿಯಲ್ಲಿ ಎದ್ದಿತ್ತು. ಸೀದ ರೊಟ್ಟಿಯನ್ನು ನಾಯಿಗೆ ಎಸೆದು ಬರುವಷ್ಟರಲ್ಲಿ ಸಂಗವ್ವನ ಯೋಜನೆ ಸಿದ್ಧವಾಗಿತ್ತು, ಪಂಚವಾರ್ಷಿಕ ಯೋಜನೆಗಳು ಇದನ್ನು ನೋಡಿ ಕಲಿಯಬೇಕು. ಇಪ್ಪತ್ತಾರಕ್ಕೆ ಹಳೆ ಕಟ್ಟೆಯ ಮೇಲೆ ಧ್ವಜ. ಹಾರಿಸುವವರು ತಿಮ್ಮಣ್ಣ ಮಾಸ್ತರು. ಆಮೇಲೆ ತಾನು ಹತ್ತುವುದು, ಮಗಳು ನಿಂತಲ್ಲೇ ನಿಲ್ಲುವುದು, 'ನಮಗೆ' ಎಂಬಲ್ಲಿಂದ ಮುಂದಿನದನ್ನು ಹೇಳಿ ಇಳಿಯುವುದು.

"ನೀ ಏನ್ ಎಮ್ಮೆಲ್ಲೆ ಆಗಾಕಿ ಏನ ಈ ವಯಸ್ಸಿನಾಗ?" ಎಂದ ಈರಪ್ಪ. ಆದರೆ ಅವಳ ಮುಖ ನೋಡಿ, ಮರುದಿನವೇ ಸುಣ್ಣ ತರಲು ಹೋದ.

ಧ್ವಜ ಇದ್ದದ್ದು ಹೊಸ ಸಾಲಿಯಲ್ಲಿ. ಅಲ್ಲಿಯ ಹೆಡ್‌ಮಾಸ್ತರಾದ ಜಯಶ್ರೀ ಮೇಡಂ ಒಳ್ಳೆಯವರು, ಕಾಗದಕ್ಕೆ ಮಾತ್ರ ಅಂಜುವವರು. "ಸಂಗವ್ವಾರ, ಸಾಲಿ ಝೇಂಡಾ ಹೊರಗ ಕಳಸಾಕ ನಂಗೊಂದು ಪತ್ರ ಬೇಕಾಗ್ತೈತ್ರಿ. ಆ ಜಾಗಾ ಈಗ ಸಾಲೀದಲ್ಲ, ಹಿನ್ನೀರಿನ ಆಫೀಸಿಂದು. ಅವ್ರು ಹೂಂ ಅಂದ್ರ ನಾನೂ ಬರ್ತೇನಿ, ಹುಡುಗೂರ್ನೂ ಕರ್ಕೊಂಡ ಬರ್ತೇನಿ."

ಪತ್ರವಿಲ್ಲದೆ ಅಂಗಡಿಯ ಧ್ವಜ ತಂದು ಹಾರಿಸಬಹುದಿತ್ತು. ಆದರೆ ತಿಮ್ಮಣ್ಣ ಮಾಸ್ತರು ನಲವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಒಂದು ಗೀಚೂ ಹಾಕದವರು. ಕಳ್ಳತನದಲ್ಲಿ ಝೇಂಡಾ ಏರಿಸಿರೆಂದು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಹೀಗೆ ಸಂಗವ್ವ ಮಗನ ಟಂಟಂ ಹತ್ತಿ ಬಾಗಲಕೋಟೆಯ ನವನಗರಕ್ಕೆ ಬಂದಳು, ದುಂಡೇಶನ ಹತ್ತಿರ. ದುಂಡೇಶ ಈರಪ್ಪನ ಕಾಕಾನ ಮಗ. ಹಿನ್ನೀರಿನ ಆಫೀಸು ಎಂದು ಊರವರು ಕರೆಯುವ ಕಚೇರಿಯ ಎದುರಿಗೆ, ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಅರ್ಜಿ ಬರೆಯುತ್ತಾನೆ. ಊರು ನೀರಲ್ಲಿ ಮುಳುಗಿದ ವರ್ಷ ಇವನು ಅರ್ಜಿಯಲ್ಲಿ ಮುಳುಗಿದವನು, ಊರಾದರೂ ಮೇ ತಿಂಗಳಲ್ಲಿ ಮೇಲೆ ಬರುತ್ತದೆ, ಇವನು ಬಂದಿಲ್ಲ.

"ವಿಷಯ ಏನಂತ ಬರೀಲಿ ವೈನಿ?"

"ಝೇಂಡಾ ಹಾರ್ಸೂದು ಅಂತ ಬರಿ. ಮತ್ತೇನೈತಿ?"

ದುಂಡೇಶ ಪೆನ್ನು ಕೆಳಗಿಟ್ಟ. ಹೊಸದಾಗಿ ಅರ್ಜಿ ಕೊಡುವವರ ಮೇಲೆ ಅವನಿಗೆ ವೈದ್ಯರಿಗಿರುವಂಥ ಕನಿಕರ. "ಅಲ್ಲೇ ತಪ್ಪೂದು ನೋಡ್ರಿ. ಝೇಂಡಾ ಅಂತ ಬರದ್ರ, ಇದು ನಮ್ದಲ್ಲ, ಸಾಲಿ ಇಲಾಖೇದು ಅಂತ ಇವ್ರು ಅತ್ತಾಗ ದೂಡ್ತಾರ. ಜಾಗಾ ನಮ್ದಲ್ಲ ಅಂತ ಅವ್ರು ಇತ್ತಾಗ ದೂಡ್ತಾರ. ಅರ್ಜಿ ಹೋಗಿ ಚೆಂಡ ಆಕ್ಕೈತಿ. ಇವ್ರ ಟೇಬಲ್ ಮ್ಯಾಲ ನಿಲ್ಲಬೇಕಂದ್ರ ವಿಷಯದಾಗ ನೀರ ಇರಬೇಕು."

"ನಮಗ ನೀರ ಬ್ಯಾಡಲ್ಲೋ ತಮ್ಮಾ. ನೀರ ಇಲ್ಲಂತನ ಇದೆಲ್ಲಾ."

"ಅದನ್ನ ಒಳಗ ಬರೀತೇನಿ. ವಿಷಯ ಅಂದ್ರ ಬಾಗಲಾ ಇದ್ದಂಗ. ಯಾವ ಬಾಗಲದಿಂದ ಹೋದ್ರೇನು, ಒಳಗ ಹೋಗೂದು ಮುಖ್ಯ. ಇಪ್ಪತ್ಮೂರ ವರ್ಸದ ಸರ್ವೀಸ್ ಐತಿ ವೈನಿ ನಂದು."

ಹಾಗೆಂದು ಬರೆದ: 'ವಿಷಯ: ಹಿನ್ನೀರು ತೀರಾ ಇಳಿದಿರುವ ಬಗ್ಗೆ.' ಅದರ ಕೆಳಗೆ ಕಟ್ಟೆ, ಧ್ವಜ, ತಿಮ್ಮಣ್ಣ ಮಾಸ್ತರು ಎಲ್ಲವೂ ಬಂದವು. ಕೊನೆಗೆ ಅವನ ಕೈ ತಾನಾಗಿ ಬರೆಯುವ ಸಾಲು: 'ಕಾರಣ, ದಿನಾಂಕ ಇಪ್ಪತ್ತಾರರೊಳಗಾಗಿ ತಾವು ಸೂಕ್ತ ಕ್ರಮ ಕೈಕೊಂಡು ಉಪಕರಿಸಬೇಕಾಗಿ ವಿನಂತಿ.' ಸಂಗವ್ವ ಯುವರಾಜ ಕಲಿಸಿದ ಮೂರು ಅಕ್ಷರದಲ್ಲಿ ಸಹಿ ಮಾಡಿದಳು.

ಒಳಗೆ ಪ್ರೇಮಕುಮಾರ ಎಂಬ ಚುರುಕಿನ ಗುಮಾಸ್ತ ವಿಷಯದ ಸಾಲು ಓದಿ, ಠಪ್ಪೆಂದು ಶಿಕ್ಕೆ ಹೊಡೆದ. "ನೀರಿಂದೇನ್ರಿ?"

"ನೀರಿಂದನ ರೀ," ಎಂದ ದುಂಡೇಶ. ಹೊರಗೆ ಬಂದು ಎದೆ ಉಬ್ಬಿಸಿದ. "ನೋಡಿದ್ರೆಲ್ಲ? ಬೇರೆ ಟೇಬಲ್‌ಗೆ ಕಳಸಲಿಲ್ಲ."

ಸಂಗವ್ವ ಅಲ್ಲಿಂದಲೇ ಯುವರಾಜನ ಫೋನಿನಿಂದ ಇಲಕಲ್ಲಿಗೆ ಹಚ್ಚಿಸಿದಳು. ತಿಮ್ಮಣ್ಣ ಮಾಸ್ತರು ಅಲ್ಲಿ ಮಗಳ ಮನೆಯಲ್ಲಿದ್ದರು, ಎಂಬತ್ತೊಂದು ವರ್ಷ.

"ಸರ್ರ, ನಾ ಸಂಗವ್ವ ರೀ, ಹೊಳೆಬಸಾಪುರದಾಕಿ. ಶೀಲಾನ ಅವ್ವ."

ಆ ಕಡೆಯಿಂದ ಮಾಸ್ತರ ದನಿ ಬಂತು. "'ನಮಗೆ' ಅಂತ ನಿಂತಿತ್ತು ನೋಡವಾ ಕೂಸು."

ಸಂಗವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು. ಇಪ್ಪತ್ತಮೂರು ವರ್ಷ ಆ ಶಬ್ದವನ್ನು ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದಳು.

"ನಾನೂ ಹೇಳಿಕೊಡಬಹುದಿತ್ತು," ಎಂದರು ಮಾಸ್ತರು. "ಬರದಾಂವನ ನಾನು. ಚೇರಮನ್ನರು ಗಡಿಯಾರ ನೋಡಿದ್ರು. ನನಗ ಅದ ದೊಡ್ಡದಾತು. ಹೂಂ, ಹೇಳು, ಯಾಕ ಫೋನ್ ಮಾಡಿದಿ?"

ಹೇಳಿದಳು. ನಡುದಾರಿಯ ಗುಡೂರಿನ ತನಕ ನಡೆದಾದರೂ ಬರುತ್ತೇನೆ, ಅಲ್ಲಿಂದ ನಿನ್ನ ಮಗ ಕರೆದುಕೊಂಡು ಹೋಗಲಿ ಎಂದರು ಮಾಸ್ತರು. ನಡೆಯುವುದು ಬೇಡ, ಬಸ್ಸಿಗೆ ಬನ್ನಿ ಎಂದು ಅವರನ್ನು ಒಪ್ಪಿಸಲು ಮತ್ತೆ ಹತ್ತು ನಿಮಿಷ ಹಿಡಿಯಿತು.

ಮುಂದಿನ ದಿನಗಳಲ್ಲಿ ಒಲೆಯ ಮುಂದೆ ಮತ್ತೆ ಭಾಷಣ ಕೇಳಿಬಂತು. ಹನ್ನೊಂದು ಸಾಲಿನಲ್ಲಿ ಒಂದಕ್ಷರ ಸವೆದಿರಲಿಲ್ಲ. ಆದರೆ 'ನಮಗೆ' ಎಂಬಲ್ಲಿ ಬಂದಾಗಲೆಲ್ಲ ಸಂಗವ್ವನ ಕೈ ಹಿಟ್ಟಿನಲ್ಲಿ ನಿಲ್ಲುತ್ತಿತ್ತು. ದಾಟಲು ಆಗುತ್ತಿರಲಿಲ್ಲ. ಈರಪ್ಪ ಹೊರಗಿನ ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕಿವಿಗೊಟ್ಟು ಕಾಯುತ್ತಿದ್ದ.

"ಯಾಕ ನಿಂತಿ?"

"ಅಲ್ಲಿ ಹೋಗಿ ಹೇಳ್ತೇನಿ. ಇಲ್ಲಿ ಬ್ಯಾಡ."

ಇಪ್ಪತ್ತನಾಲ್ಕಕ್ಕೆ ಪ್ರೇಮಕುಮಾರನ ಫೋನು ಬಂತು. "ಅವ್ವಾರ, ನಿಮ್ಮ ಅರ್ಜಿ ಮ್ಯಾಲ ಆರ್ಡರ್ ಆತ್ರಿ! ಸಾಹೇಬ್ರು ಭಾಳ ಮನಸ್ಸಿಗೆ ಹಚ್ಕೊಂಡಾರ. ಇಪ್ಪತ್ತಾರರೊಳಗ ಕೆಲಸ ಆಗಿಬಿಡ್ತೈತಿ. ಪತ್ರ ಟಪಾಲಿಗೆ ಹಾಕೂದಿಲ್ಲ, ಅವತ್ತ ಮುಂಜಾನಿ ನಾನ ತರ್ತೇನಿ. ನಿಮ್ಮೂರ ಸಾಲಿ ಕಾರ್ಯಕ್ರಮಕ್ಕ ನನಗ ಡ್ಯೂಟಿ ಹಾಕ್ಯಾರ."

ಸರಕಾರ ಮಾತು ಕೇಳಿತು ಎಂಬ ಸುದ್ದಿಗೆ ಪುನರ್ವಸತಿ ಕೇಂದ್ರವೇ ಹೌಹಾರಿತು. ಜಯಶ್ರೀ ಮೇಡಂ ಧ್ವಜ ಇಸ್ತ್ರಿ ಮಾಡಿಸಿದರು. ದುಂಡೇಶ ಎರಡು ದಿನ ಟೇಬಲ್ಲು ಮುಚ್ಚಿ ಊರಿಗೆ ಬಂದು, ವಿಷಯದ ಸಾಲು ಹೇಗೆ ಬರೆಯಬೇಕೆಂದು ಚಹಾದಂಗಡಿಯಲ್ಲಿ ಉಪನ್ಯಾಸ ಕೊಟ್ಟ.

ಇಪ್ಪತ್ತೈದರ ಮಧ್ಯಾಹ್ನ ಈರಪ್ಪ, ಯುವರಾಜ ಇಬ್ಬರೂ ಹಳೆ ಊರಿಗೆ ಇಳಿದರು. ಮೂರೂ ಮೆಟ್ಟಿಲು ಕಾಣುತ್ತಿದ್ದವು, ಸುತ್ತಲ ಕೆಸರು ಒಣಗಿ ಬಿರಿದಿತ್ತು. ಪಾಚಿ ಕೆರೆದು ಸುಣ್ಣ ಬಳಿದರು, ಅಂಚಿಗೆ ಕೆಮ್ಮಣ್ಣು ಹಚ್ಚಿದರು. ಹಳೆ ಕೊಳವೆಯೊಳಗೆ ಹೊಸ ಕಂಬ ಇಳಿಸಿ ಹಗ್ಗ ಕಟ್ಟಿದರು. ಸುಣ್ಣದ ಡಬ್ಬಿ ಖಾಲಿಯಾದ ಮೇಲೂ ಈರಪ್ಪ ಒಂದೇ ಜಾಗವನ್ನು ಅಂಗೈಯಿಂದ ಒರೆಸುತ್ತಿದ್ದ. "ಅಕಿ ಇಲ್ಲಿ ನಿಂತಿದ್ಲು. ಈ ಮೂಲಿಗೆ. ಒಂದ ಕಾಲ ಇನ್ನೊಂದ ಕಾಲ ಮ್ಯಾಲ ಇಟ್ಕೊಂಡು." ಯುವರಾಜ ಅಪ್ಪನ ಬಾಯಲ್ಲಿ ಅಕ್ಕನ ವಿಷಯ ಕೇಳಿದ್ದು ಅದೇ ಮೊದಲು. ಅವನು ಕಂಬವನ್ನು ಅಲುಗಿಸಿ ನೋಡಿದ. ಗಟ್ಟಿ ಇತ್ತು.

ಸಂಜೆ ತಿಮ್ಮಣ್ಣ ಮಾಸ್ತರು ಬಂದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೈಚೀಲದಲ್ಲಿ ಮೈಸೂರುಪಾಕು. "ಹುಡುಗೂರಿಗೆ," ಎಂದರು.

ಇಪ್ಪತ್ತಾರರ ಮುಂಜಾನೆ ಸಂಗವ್ವ ಇಲಕಲ್ ಸೀರೆ ಉಟ್ಟಳು, ಕೆಂಪು ಸೆರಗಿನದು. ತಲೆಯ ಮೇಲೆ ಹೊದ್ದುಕೊಂಡಳು, ಮತ್ತೆ ಏನೋ ನೆನಪಾಗಿ ಹೆಗಲಿಗೆ ಇಳಿಸಿದಳು. ಟಂಟಂನಲ್ಲಿ ಮಾಸ್ತರು, ಈರಪ್ಪ, ದುಂಡೇಶ, ಮಡಿಚಿದ ಧ್ವಜ ಹಿಡಿದ ಜಯಶ್ರೀ ಮೇಡಂ. ಹಿಂದೆ ಮಕ್ಕಳ ಸಾಲು. ಹಳೆ ರಸ್ತೆಯ ಇಳಿಜಾರು ತಿರುಗಿದಾಗ ಯುವರಾಜ ಬ್ರೇಕು ಹಾಕಿದ.

ನೀರು.

ರಸ್ತೆ ಮುಗಿಯುವ ಕಡೆಯಿಂದ ಆಚೆ ದಂಡೆಯ ತನಕ, ಎಳೆ ಬಿಸಿಲಲ್ಲಿ ಮಿರಮಿರ ಮಿಂಚುವ ನೀರು. ನಡುವೆ ಹೊಸ ಕಂಬದ ತುದಿ ಒಂದೆರಡು ಮೊಳ, ಅದಕ್ಕೆ ಜೋತಾಡುವ ಹಗ್ಗ. ಕಂಬದ ಸುತ್ತ ಒಂದಿಷ್ಟು ಜಾಗದಲ್ಲಿ ಸುಣ್ಣ ಕರಗಿ ನೀರು ಹಾಲಿನ ಬಣ್ಣಕ್ಕೆ ತಿರುಗಿತ್ತು.

"ನಿನ್ನಿ ಸಂಜೀತನಾ ಒಣಾ ಇತ್ತು," ಎಂದ ಈರಪ್ಪ. ಯಾರೂ ಕೇಳಿರಲಿಲ್ಲ. "ಇಲ್ಲಿ ಮಟಾ ಒಣಾ ಇತ್ತು. ನಾನ ನೋಡೇನಿ."

ಅಷ್ಟರಲ್ಲಿ ಹಿಂದಿನಿಂದ ಮೋಟರ್ ಸೈಕಲ್ ಬಂತು. ಪ್ರೇಮಕುಮಾರ, ಅಂಗಿಯ ಕಿಸೆಗೆ ಪುಟ್ಟ ಧ್ವಜ ಚುಚ್ಚಿಕೊಂಡು, ಹಲ್ಲು ಬಿಟ್ಟುಕೊಂಡು. "ಇಲ್ಲೇ ಅದೀರಿ! ಸಾಲ್ಯಾಗ ಹುಡುಕಿದೆ. ನೋಡಿದ್ರೆಲ್ಲ ಅವ್ವಾರ? ಹೇಳಿದಂಗ ಮಾಡಿದ್ವಿ." ಪತ್ರ ಚಾಚಿದ.

ತಿಮ್ಮಣ್ಣ ಮಾಸ್ತರು ಕನ್ನಡಕ ಏರಿಸಿ, ಸಾಲಿಯಲ್ಲಿ ಪಾಠ ಓದುವ ದನಿಯಲ್ಲೇ ಓದಿದರು: "'ತಮ್ಮ ಮನವಿಯಲ್ಲಿ ತಿಳಿಸಿದಂತೆ ಹಿನ್ನೀರು ತೀರಾ ಇಳಿದಿರುವ ಬಗ್ಗೆ ಪರಿಶೀಲಿಸಲಾಗಿ, ದೂರು ಸತ್ಯವೆಂದು ಕಂಡುಬಂದ ಕಾರಣ, ದಿನಾಂಕ ಇಪ್ಪತ್ತಾರರೊಳಗಾಗಿ ಕ್ರಮ ಕೈಕೊಳ್ಳಲು ಕೋರಿದ ಮೇರೆಗೆ, ಮೇಲಿನ ಜಲಾಶಯದಿಂದ ನೀರು ಹರಿಸಲಾಗಿದೆ. ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.'"

ದುಂಡೇಶ ನೆಲ ನೋಡಿದ. ಅವನು ಬರೆದ ಸಾವಿರಾರು ಅರ್ಜಿಗಳಲ್ಲಿ ಹೇಳಿದ ದಿನದೊಳಗೆ ಕೆಲಸವಾದದ್ದು ಇದೊಂದೇ.

"ಅರ್ಜಿ ಒಳಗ ಓದಲಿಲ್ಲೇನೋ ತಮ್ಮಾ?" ಎಂದು ಪ್ರೇಮಕುಮಾರನನ್ನು ಕೇಳಿದರು ಜಯಶ್ರೀ ಮೇಡಂ, ಧ್ವಜವನ್ನು ಎದೆಗೆ ಒತ್ತಿಕೊಂಡು. ನಡೆದದ್ದನ್ನು ಒಂದೊಂದಾಗಿ ಹೇಳಿದರು. ಕೇಳುತ್ತ ಕೇಳುತ್ತ ಪ್ರೇಮಕುಮಾರನ ಹಲ್ಲು ಒಳಗೆ ಹೋದವು. ಕೊನೆಗೆ ಕಿಸೆಯ ಧ್ವಜವನ್ನು ಸುಮ್ಮನೆ ನೆಟ್ಟಗೆ ಮಾಡಿಕೊಂಡ.

"ಸಂಗವ್ವಾ," ಎಂದರು ಮಾಸ್ತರು, "ಇಲ್ಲೇ ದಂಡಿ ಮ್ಯಾಲ ನಿಂತು ಹೇಳಿಬಿಡವಾ. ನಾ ಕೇಳ್ತೇನಿ. ಹುಡುಗೂರು ಕೇಳ್ತಾವ."

ಸಂಗವ್ವ ನೀರಿನ ಅಂಚಿಗೆ ಹೋದಳು. ಬಾಯಿ ತೆರೆದಳು. ದೂರದಲ್ಲಿ ಕಂಬದ ತುದಿ ಕಾಣುತ್ತಿತ್ತು, ಅಂದು ಗೋಡೆಯ ಬಳಿಯಿಂದ ಮಗಳು ಕಂಡಷ್ಟೇ ದೂರ. ಬಾಯಿ ಮುಚ್ಚಿದಳು.

"ಬ್ಯಾಡ್ರಿ ಸರ. ಅವತ್ತೂ ನಾ ದೂರನ ನಿಂತಿದ್ದೆ."

ಈರಪ್ಪ ಸುಣ್ಣ ಹತ್ತಿದ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ, ಎಷ್ಟು ಒರೆಸಿದರೂ ಹೋಗದಂತೆ.

ಸಂಗವ್ವ ಪ್ರೇಮಕುಮಾರನ ಕಡೆ ತಿರುಗಿದಳು. "ಯಪ್ಪಾ, ಬಿಟ್ಟ ನೀರನ್ನ ಇಳಸಾಕ ಬರ್ತೈತೇನು? ಭಾಳ ಹೊತ್ತ ಬ್ಯಾಡ. ಸಂಜೀ ಕಡೀಗೆ ಆದ್ರೂ ನಡೀತೈತಿ, ಒಂದ ತಾಸು."

"ಬರ್ತೈತ್ರಿ ಅವ್ವಾರ. ಕೆಳಗಿನ ಗೇಟ್ ತಗದ್ರ ಇಳೀತೈತಿ. ಆದ್ರ ಸುಮ್ನ ತಗ್ಯಾಕ ಬರಂಗಿಲ್ರಿ, ಅದಕ್ಕ ಬೇರೆ ಅರ್ಜಿ ಬೇಕು."

ದುಂಡೇಶ ಆಗಲೇ ಚೀಲದಿಂದ ಕಾಗದ ತೆಗೆದು ಟಂಟಂನ ಸೀಟಿನ ಮೇಲೆ ಹರವಿದ್ದ. "ಈ ಸಲ ವಿಷಯ ಸರಿಯಾಗಿ ಬರೀತೇನಿ ವೈನಿ. ಸಹಿ ಮಾಡ್ರಿ. ಸಾಹೇಬ್ರ, ಈಗಿಂದೀಗ ತಗೋರಿ."

ಪ್ರೇಮಕುಮಾರ ಕಾಗದ ಮುಟ್ಟಲಿಲ್ಲ. ಸಂಗವ್ವನ ಮುಖವನ್ನೂ ನೋಡಲಿಲ್ಲ.

"ತಗೊಳಾಕ ಬರಂಗಿಲ್ರಿ ಅವ್ವಾರ," ಎಂದ. "ಇವತ್ತ ಜನವರಿ ಇಪ್ಪತ್ತಾರು. ಸರಕಾರಿ ಸೂಟಿ, ಆಫೀಸ್ ಬಂದ್ ಐತಿ."